ಗೆ ಎಂಬ ಪ್ರತ್ಯಯ

ತಾಳವಾಡಿ ಬಸ್ ನಿಲ್ದಾಣದ ಹಿಂದೆ
ಹುಣಸೆಮರದ ಕೆಳಗಿನ ಮೇಜು ನನ್ನದು.
ಮೂವತ್ತೇಳು ವರ್ಷ ಪತ್ರ ಬರೆದಿದ್ದೇನೆ:
ಕ್ರಯ, ಭೋಗ್ಯ, ವಿಭಾಗ, ಒಮ್ಮೊಮ್ಮೆ ದಾನ.
ದಾನಪತ್ರಕ್ಕೆ ಕೂಲಿ ಕಡಿಮೆ. ಕೊಡುವವರ ಕೈಯಲ್ಲಿ
ಆಗಲೇ ಏನೂ ಉಳಿದಿರುವುದಿಲ್ಲ.

ಅವತ್ತು ಕೆಂಪಮ್ಮ ಬಂದಳು, ಸೊಂಟದಲ್ಲಿ ಎಲೆಚೀಲ,
ಹಿಂದೆ ಪಾದ್ರಿ ಯೋಬಪ್ಪ, ಬಾರು ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು.
ಹನ್ನೊಂದು ಸೆಂಟು, ಚೆಂಡುಹೂವಿನ ಹೊಲದ ಮೂಡಲ ಮೂಲೆ.
"ಯಾರಿಗವ್ವಾ?" ಅಂದೆ.
"ಸಭೆಗೆ ಅಂತ ಬರಿ ಕನಪ್ಪ."
"ಸಭೆ ಅಂದರೆ ಯಾರು? ಒಂದು ಹೆಸರು ಬೇಕಲ್ಲ."
ಮರದ ಆಚೆ ಹೋಗಿ ಉಗುಳಿ ಬಂದು ಹೇಳಿದಳು:
"ಭಾನ್ವಾರ ಯಾರ್ಯಾರು ಬತ್ತಾರೋ ಅವ್ರೇ."

ಬರೆದೆ. ಸಭೆ ಎಂಬ ನಾಮಪದ,
ಅದರ ಬೆನ್ನಿಗೆ ಗೆ.
ಶಾಲೆಯಲ್ಲಿ ಮೇಷ್ಟ್ರು ಬೆತ್ತ ಕುಟ್ಟಿ ಕಲಿಸಿದ್ದು:
ಚತುರ್ಥೀ ವಿಭಕ್ತಿ, ಸಂಪ್ರದಾನ ಕಾರಕ,
ಕೊಟ್ಟದ್ದು ಹೋಗಿ ತಲುಪುವ ಜಾಗ.
ಮಸಿ ಆರುವ ಮುಂಚೆ ಹೆಬ್ಬೆಟ್ಟೊತ್ತಿದಳು.

ಈಗ ಅವಳ ಮೈದುನನ ಮಗ ಚಿಕ್ಕಮಾದಯ್ಯ
ಸತ್ಯಮಂಗಲದ ಕೋರ್ಟಿನಲ್ಲಿ ಕೇಸು ಹಾಕಿದ್ದಾನೆ.
ನಾನು ಸಾಕ್ಷಿ.
ಬೆಳಗಿನ ಮೊದಲ ಬಸ್ಸು, ದಿಂಬಂ ಘಾಟಿನ ಇಪ್ಪತ್ತೇಳು ತಿರುವು,
ತಿರುವಿಗೊಂದಿಷ್ಟು ಕನ್ನಡ ತೆಳುವಾಗುತ್ತ
ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಪೂರ್ತಿ ಇಳಿದುಹೋಗುತ್ತದೆ.

ನನ್ನ ಪತ್ರವನ್ನು ಯಾರೋ ತಮಿಳಿಗೆ ತಿರುಗಿಸಿದ್ದಾರೆ.
ಸಭೆ ಅಲ್ಲಿ ಸಭೈ. ಗೆ ಅಲ್ಲಿ ಕ್ಕು.
ವಕೀಲ ವಡಿವೇಲು ಕನ್ನಡಕ ಹಣೆಗೇರಿಸಿ ಕೇಳಿದ:
ಯಾವ ಸಭೈ? ಸಂಗೀತದ್ದೋ, ಪಂಚಾಯ್ತಿಯದ್ದೋ?
ನೋಂದಣಿ ಉಂಟಾ? ಸಂಘದ ಕಾಯ್ದೆಯಲ್ಲಿ ಸಂಖ್ಯೆ?
ಟ್ರಸ್ಟಿಗಳು? ಕಡೇಪಕ್ಷ ಒಂದು ರಬ್ಬರ್ ಸ್ಟಾಂಪು?
ಇಲ್ಲ. ಇದ್ದದ್ದು ಒಂದು ಹಾರ್ಮೋನಿಯಂ, ಎರಡು ಜಮಖಾನ,
ಕಾಣಿಕೆ ಬರೆದಿಡುವ ನಲವತ್ತು ಪುಟದ ನೋಟುಬುಕ್ಕು.
ಹಾಗಾದರೆ, ಸ್ವಾಮಿ, ಕಾನೂನಿನ ಕಣ್ಣಿಗೆ
ಅಲ್ಲಿ ಯಾರೂ ಇಲ್ಲ. ಇಲ್ಲದವರಿಗೆ
ದಾನ ಹೇಗೆ ಕೊಟ್ಟಾಳು? ಹಿಡಿದ ಕೈ ಯಾವುದು?

ಹಿಂದಿನ ಬೆಂಚಿನಲ್ಲಿ ಇಲ್ಲದವರು ಹದಿನಾರು ಮಂದಿ ಕೂತಿದ್ದರು.
ಒಬ್ಬ ಕೆಮ್ಮಿದ. ಒಂದು ಮಗು ಬಿಸ್ಕತ್ತು ಕೇಳಿತು.

ನಮ್ಮೂರ ಮಾರಮ್ಮನಿಗೆ ಎರಡೆಕರೆ ಇದೆ;
ಅವಳು ವ್ಯಕ್ತಿ, ಖಾತೆ ಅವಳ ಹೆಸರಿಗೆ,
ಎರಡು ಸಲ ದಾವೆ ಹೂಡಿ ಗೆದ್ದಿದ್ದಾಳೆ ಕೂಡ.
ತಪ್ಪೇನಿಲ್ಲ, ನಾನೂ ಅವಳ ಒಕ್ಕಲೇ.
ಆದರೆ ಅವಳು ನಿಲ್ಲಬಲ್ಲ ಕಟಕಟೆಯಲ್ಲಿ
ಇಷ್ಟು ಜೋಡಿ ಕಾಲು ಯಾಕೆ ನಿಲ್ಲಲಾರವು,
ತಿಳಿಯದೆ ಉಗುರು ಕಚ್ಚಿದೆ.

ಚಿಕ್ಕಮಾದಯ್ಯನ ಇನ್ನೊಂದು ವಾದ: ಅವಿಭಕ್ತ ಕುಟುಂಬ.
ಪಾಲೇ ಆಗಿರಲಿಲ್ಲ, ಮುದುಕಿ ಕೊಟ್ಟದ್ದು ಎಲ್ಲರದು.
ವಿಭಕ್ತಿ, ಅವಿಭಕ್ತ. ಒಂದೇ ಧಾತು.
ನನ್ನ ಬದುಕೆಲ್ಲ ಈ ಎರಡು ಪದಗಳ ನಡುವಿನ ಬದು.
ಅವನೇನು ಕೆಟ್ಟವನಲ್ಲ. ಊಟದ ಹೊತ್ತಿಗೆ ನನಗೂ ಟೀ ಕೊಡಿಸಿದ,
"ದೊಡ್ಡವ್ವ ನಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ಬುದ್ಧಿ" ಅಂದ,
ಅಷ್ಟೇ ಅಂದು ಲೋಟ ತಿರುಗಿಸುತ್ತ ಕೂತ.

ಸ್ವಾಧೀನ ಯಾರದು ಎಂದು ಕೋರ್ಟು ಕೇಳಿತು.
ಯೋಬಪ್ಪನ ಮಗ ಎದ್ದ: ಕೆಂಪಮ್ಮನದು.
ದೀಕ್ಷಾಸ್ನಾನದ ಹೆಸರು ರೂತಮ್ಮ. ಅದೇ ಮೂಲೆಯಲ್ಲಿ
ಹೂತಿದ್ದೇವೆ. ಆರಡಿ, ಮೂರಡಿ.
ಟೈಪಿಸ್ಟು ಬೆರಳು ನಿಲ್ಲಿಸಿದಳು.
ಮುಂದಿನ ತಾರೀಖು ಆಗಸ್ಟು.

ಎಲ್ಲರ ಪರವಾಗಿ ಇಬ್ಬರು ನಿಲ್ಲಬಹುದಂತೆ, ಕೋರ್ಟು ಒಪ್ಪಿದರೆ;
ಎಲ್ಲರ ಹೆಸರೂ ಬೇಕು, ಪೇಪರಿನಲ್ಲಿ ಪ್ರಕಟಣೆ ಬೇಕು.
ಸಂಜೆಯ ಬಸ್ಸಿನಲ್ಲಿ ನೋಟುಬುಕ್ಕು ನನ್ನ ತೊಡೆಯ ಮೇಲೆ.
ಬರ್ಕೊ ಬುದ್ಧಿ, ಅಂದರು ಒಬ್ಬೊಬ್ಬರೇ ಸೀಟಿನ ಮೇಲೆ ಬಾಗಿ.
ಸುಗಂಧಿ. ಎಸ್ತೇರಮ್ಮ. ಪುಟ್ಟಬಸವಿ ಅಲಿಯಾಸ್ ಸಾರಾ.
ಜಡೆಯ, ದೀಕ್ಷೆಯಾಗಿಲ್ಲ, ಆದರೂ ಬರುತ್ತಾನೆ. ಬರೆಯಲೇ?
ಹೊಟ್ಟೆಯಲ್ಲಿರುವುದು? ಸತ್ತವರು?
ಪೆನ್ನು ಜಾರಿ ಅಕ್ಷರವೆಲ್ಲ ಸೊಟ್ಟ.

ಹತ್ತೊಂಬತ್ತನೆಯ ತಿರುವಿನಲ್ಲಿ ಬಸ್ಸು ನಿಂತಿತು.
ಎದುರಿಗೆ ಕಬ್ಬಿನ ಲಾರಿ; ಹೆಣ್ಣಾನೆಯೊಂದು
ಜಲ್ಲೆಜಲ್ಲೆ ಸೆಳೆದು ಮರಿಗೆ ಕೊಡುತ್ತಿತ್ತು.
ಡ್ರೈವರು ದೀಪ ಆರಿಸಿದ. ಯಾರೂ ಮಾತಾಡಲಿಲ್ಲ.
ಕೊನೆಯ ಸಾಲಿಗೆ ಬೆರಳಿಟ್ಟು,
ಎಷ್ಟು ಹೆಸರಾಯಿತೆಂದು ಕತ್ತಲಲ್ಲಿ ಎಣಿಸಲಾರದೆ,
ಎಲ್ಲರ ಕೆಳಗೆ ಅಂದಾಜಿನಲ್ಲಿ ಬರೆದೆ
ಇವರಿಗೆ